ಲೆಕ್ಕಕ್ಕೆ ಒಬ್ಬರು ಕಡಿಮೆ

ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುವುದು ನನ್ನ ಕೆಲಸ.
ನಲವತ್ತಮೂರು.
ಸಂಘದ ಖಜಾಂಚಿಗೆ ಶುಕ್ರವಾರವೂ ಲೆಕ್ಕ ಬಿಟ್ಟಿದ್ದಲ್ಲ.
ಕರಪತ್ರ ನಾನೇ ಬರೆದದ್ದು:
ಕೆರೆ, ಕೋಟೆ, ಅರಮನೆ, ಗುಡಿ. ತಲೆಗೆ ಏಳು ರಿಯಾಲ್,
ಮಕ್ಕಳಿಗೆ ಅರ್ಧ, ಪುಳಿಯೋಗರೆ ನಮ್ಮದೇ.

ಗುಡಿ ಮೊದಲು. ಇನ್ನೂ ಕತ್ತಲು.
ಹಳೆ ಮಸ್ಕತ್ತಿನ ಶಿವನ ಮುಂದೆ
ಹಾಲಿನ ಡಬ್ಬಿ ಹಿಡಿದ ಸಾಲು.
ಐರಿನ್ ಲೋಬೊ ಬಸ್ಸಲ್ಲೇ ಕೂತು ಜಪಸರ ತಿರುಗಿಸಿದರು.
ಭಟ್ಕಳದ ಕೋಲಾ ಸಾಹೇಬರು ಪಕ್ಕದ ಮಸೀದಿಯಲ್ಲಿ ಫಜರ್ ಮುಗಿಸಿ
ಎಲ್ಲರಿಗಿಂತ ಮೊದಲು ಬಂದು
ಕಿಟಕಿ ಸೀಟು ಹಿಡಿದರು.

ನಿಜ್ವಾ ಕೋಟೆ.
ಗೈಡ್ ಹುಡುಗ ಮೇಲೆ ತೋರಿಸಿದ:
ಈ ಕಂಡಿಯಿಂದಲೇ ಕುದಿಯುವ ಖರ್ಜೂರದ ಪಾಕ
ಹಗೆಯ ನೆತ್ತಿಗೆ ಸುರಿಯುತ್ತಿದ್ದರಂತೆ.
ಗಾಣದಮನೆಯ ಬೆಲ್ಲದ ಹಬೆಯಲ್ಲಿ ಬೆಳೆದ ಗುರುಪಾದಪ್ಪ
'ಅಷ್ಟ್ ಪಾಕ ಹಾಳ್ ಮಾಡೂದಕ್ಕಿಂತ
ರಾಜಿ ಆಗೂದ ಚಲೋ ಇತ್ತ್ ನೋಡ್ರಿ' ಅಂದರು.

ಯಾವ ಗೋಡೆ ಕಂಡರೂ ನಮಗೆ ನಮ್ಮ ಗೋಡೆಯೇ ಬೇಕು.
ಇದೇನು ಮಹಾ, ಬೀದರಿನದು ಇದರ ನಾಲ್ಕರಷ್ಟು.
ದುರ್ಗಕ್ಕೆ ಏಳು ಸುತ್ತು, ಗೊತ್ತಾ?
ಕೋಟೆ ಏನೂ ಅನ್ನಲಿಲ್ಲ.
ಅದು ಅದರ ಊರಲ್ಲೇ ಇತ್ತು.

ಜಬ್ರೀನಿನ ಅರಮನೆಯಲ್ಲಿ, ಮಹಡಿಯ ಮೇಲೆ,
ಕುದುರೆಗೊಂದು ಕೋಣೆ.
ರುವಿಯಲ್ಲಿ ಒಂದೇ ರೂಮಿಗೆ ಆರು ಮಂದಿಯಾಗಿ ಮಲಗುವ
ನಮ್ಮ ಸೂಲಿಬೆಲೆ ಹುಡುಗರು
ಅದರ ಉದ್ದಗಲ ಹೆಜ್ಜೆ ಹಾಕಿ ಅಳೆದರು.
ಎರಡು ಸಲ.
ಮೊದಲು ಯಾರೂ ನಗಲಿಲ್ಲ,
ಆಮೇಲೆ ಎಲ್ಲರೂ ಒಟ್ಟಿಗೆ.

ಇನ್ನು ಕೆರೆ.
ಬಿರ್ಕತ್ ಅಲ್ ಮೌಜ್ ಅಂದರೆ ಬಾಳೆಯ ಕೊಳ.
ಹೆಸರು ನಂಬಿ ಪಟ್ಟಿಗೆ ಸೇರಿಸಿದವ ನಾನು.
ಇದ್ದದ್ದು ತೋಟ, ದಿಬ್ಬದ ಮೇಲೆ ಕುಸಿದ ಮಣ್ಣಿನ ಮನೆಗಳು,
ಮತ್ತೆ ಮೊಣಕಾಲೂ ಮುಳುಗದ ಒಂದು ಕಾಲುವೆ.
ಫಲಜ್ ಅನ್ನುತ್ತಾರೆ.
'ಇದಾ ನಿಮ್ಮ ಕೆರೆ?
ಎರಡು ರಿಯಾಲ್ ವಾಪಸ್ ಕೊಡಿ ಖಜಾಂಚಿಗಳೇ.'

ಹೊರಡುವಾಗ ಎಣಿಸಿದೆ. ನಲವತ್ತೆರಡು.
ಸೀಟಿನಡಿ ನಿದ್ದೆಹೋದ ಮಗುವನ್ನೂ ಸೇರಿಸಿ
ನಲವತ್ತೆರಡೇ.
ಯಾರಿಲ್ಲ ಅಂತ ಯಾರಿಗೂ ಹೊಳೆಯಲಿಲ್ಲ.
ಪಟ್ಟಿ ತೆಗೆದು ಒಂದೊಂದೇ ಹೆಸರು ಕೂಗಿದೆ:
ಮುನಿವೆಂಕಟಮ್ಮ, ಅಲ್ ಖುವೈರ್, ಮನೆಗೆಲಸ.
ಏಳು ರಿಯಾಲನ್ನೂ ನೂರು ಬೈಸಾ ನೋಟುಗಳಲ್ಲಿ
ನಾಲಿಗೆಗೆ ಬೆರಳು ಮುಟ್ಟಿಸಿ ಎಣಿಸಿ ಕೊಟ್ಟಾಕೆ.

ಕಾಲುವೆ ಕವಲೊಡೆಯುವಲ್ಲಿ ಸಿಕ್ಕರು.
ಚಪ್ಪಲಿ ದಡದಲ್ಲಿ, ಪಾದ ನೀರಲ್ಲಿ.
ಎದುರಿಗೆ ರುಮಾಲಿನ ಒಬ್ಬ ಮುದುಕ,
ಇಬ್ಬರ ನಡುವೆ ನೆಟ್ಟ ಒಂದು ಕೋಲು
ಮತ್ತು ಅದರ ನೆರಳು.
ಅಡುಗೆಮನೆಯ ಅರಬ್ಬಿಯಲ್ಲಿ ಈಕೆ ಏನೋ ಕೇಳುತ್ತಾಳೆ,
ಅವನು ನೆಲದ ಗೀರು ತೋರಿಸುತ್ತಾನೆ,
ಈಕೆ ತಲೆಯಾಡಿಸಿ ಇನ್ನೊಂದು ಗೀರು ತೋರಿಸುತ್ತಾಳೆ.

'ನಮ್ಮಪ್ಪ ನೀರುಗಂಟಿ ಸಾರ್, ಮುಳಬಾಗಲು ಕಡೆ.
ತೂಬು ಎತ್ತೋನೂ ಅವನೇ, ಇಳಿಸೋನೂ ಅವನೇ.
ಇಂಥೋರ ಗದ್ದೆಗೆ ಇಷ್ಟು ಗಳಿಗೆ ಅಂದ್ರೆ ಇಷ್ಟೇ.
ಊರಗೌಡ ಕಟ್ಟೆ ಮೇಲೆ ನಿಂತು ಬೈದ್ರೂ
ಒಂದು ಬೊಗಸೆ ಜಾಸ್ತಿ ಬಿಟ್ಟೋನಲ್ಲ.
ಅವರ ಮನೆ ಬಾವಿ ಮಾತ್ರ ನಾವು ಮುಟ್ಟಂಗಿರಲಿಲ್ಲ.
ಈ ತಾತನ ಲೆಕ್ಕಾನೂ ಅಂಗೇ ಐತೆ, ನೋಡಿ.'

ಬಸ್ಸು ಹಾರನ್ ಹೊಡೆಯಿತು.
'ಇನ್ನೊಂಚೂರು ಸಾರ್, ಈ ಪಾಲು ಮುಗೀಲಿ.'
ನಾನೂ ನಿಂತೆ.
ನೆರಳು ಗೀರಿಗೆ ಬಂತು.
ಮುದುಕ ಕಲ್ಲು ಜರುಗಿಸಲು ಬಗ್ಗಿದ, ತಡೆದ,
ಈಕೆಯ ಕಡೆ ನೋಡಿದ.
ಸೆರಗು ಸಿಕ್ಕಿಸಿ, ಹಳೆಬಟ್ಟೆ ಸುತ್ತಿದ ಆ ಕಲ್ಲನ್ನು
ಆಕೆಯೇ ಎತ್ತಿದಳು.
ನೀರು ಒಮ್ಮೆ ತಡವರಿಸಿ
ಇನ್ಯಾರದೋ ತೋಟಕ್ಕೆ ತಿರುಗಿತು.

ಬಸ್ಸಿನ ನಡುವೆ ಕೊನೆಯ ಸೀಟಿನವರೆಗೂ ಒದ್ದೆ ಹೆಜ್ಜೆ.
ಇಜ್ಕಿ ದಾಟುವಷ್ಟರಲ್ಲಿ ಎಸಿಯ ಗಾಳಿಗೆ ಆರಿದವು.
ಎರಡು ರಿಯಾಲ್ ಕೇಳಿದವರು ಮತ್ತೆ ಕೇಳಿದರು.
ಕರಪತ್ರದಲ್ಲಿ ಏನಿತ್ತೋ ಅದನ್ನು
ತೋರಿಸಿದ್ದೇವೆ ಸ್ವಾಮಿ, ಅಂದೆ.